ಅಮಾಸಿ ಭಜನಿಯ ಮೈಕು

ಅಮಾವಾಸ್ಯೆಯ ರಾತ್ರಿ ಊರಿನ ಹತ್ತು ಹನ್ನೆರಡು ಮಂದಿ ಗುಡಿ ಕಟ್ಟೆಯ ಮೇಲೆ ಕೂತು, ಒಂದು ಪೇಟಿ, ಒಂದು ತಬಲಾ, ಎರಡು ಜೋಡಿ ತಾಳ ಮತ್ತು ಬಾಡಿಗೆಗೆ ತಂದ ಮೈಕ್ ಸೆಟ್ ಇಟ್ಟುಕೊಂಡು ಬೆಳಗಾಗುವ ತನಕ ಪದ ಹಾಡುವುದಕ್ಕೆ ಕಲಬುರಗಿ ಸೀಮೆಯಲ್ಲಿ ಭಜನಿ ಎನ್ನುತ್ತಾರೆ. ಅಫಜಲಪುರ ತಾಲೂಕಿನ ಗೊಬ್ಬೂರು, ಅದರ ಸುತ್ತಿನ ಹಳ್ಳಿಗಳು, ಅತ್ತ ಆಳಂದ, ಇತ್ತ ಜೇವರ್ಗಿ, ಎಲ್ಲ ಕಡೆಯೂ ಇದರ ಬಳಕೆ ಉಂಟು. ಹಾಡುವವರಲ್ಲಿ ಹೊಟ್ಟೆಪಾಡಿಗಾಗಿ ಹಾಡುವವರು ಯಾರೂ ಇಲ್ಲ. ಹಗಲು ತೊಗರಿ ಹೊಲದಲ್ಲಿ ಕಳೆ ತೆಗೆಯುವವರು, ಟಂಟಂ ಓಡಿಸುವವರು, ಕಿರಾಣಿ ಅಂಗಡಿಯವರು ಮತ್ತು ಪೆನ್ಶನ್ ಬಂದ ಮೇಲೆ ದನಿಯೂ ಬಂದ ಒಬ್ಬ ಮಾಸ್ತರರು ಸೇರಿದರೆ ಮೇಳ ಆಯಿತು.

ಇದೇ ಜಾತಿಯ ಸಂಗೀತಕ್ಕೆ ಅಮೆರಿಕದಲ್ಲಿ ಗ್ಯಾರೇಜ್ ರಾಕ್ ಎಂದು ಹೆಸರು. 1960ರ ದಶಕದಲ್ಲಿ ಅಲ್ಲಿಯ ಹೈಸ್ಕೂಲು ಹುಡುಗರು ಅಪ್ಪನ ಕಾರನ್ನು ಹೊರಗೆ ನಿಲ್ಲಿಸಿ, ಅದರ ಶೆಡ್ಡಿನಲ್ಲಿ ಗಿಟಾರು ಮೀಟಿ ಡ್ರಮ್ಮು ಬಡಿದು ತಂಡ ಕಟ್ಟಿದರು. ಮೂರು ಕಾರ್ಡು, ಅಂದರೆ ಮೂರು ಸ್ವರಗುಚ್ಛ, ಬಂದರೆ ಗಿಟಾರು ಬಂದಂತೆ. ನಾಲ್ಕನೆಯದು ಕಲಿತವನಿಗೆ ಸೊಕ್ಕು ಬಂದಿದೆ ಎನ್ನುತ್ತಿದ್ದರೋ ಏನೋ. ಅವರಲ್ಲಿ ಬಹುತೇಕ ತಂಡಗಳು ಒಂದೋ ಎರಡೋ ರೆಕಾರ್ಡು ಮಾಡಿ, ಮದುವೆಯಾಗಿ, ನೌಕರಿ ಹಿಡಿದು ಮಾಯವಾದವು. 1972ರಲ್ಲಿ ಲೆನಿ ಕೇ ಎಂಬಾತ ಅವುಗಳ ಹಾಡುಗಳನ್ನು ಆರಿಸಿ ‘ನಗೆಟ್ಸ್’ ಎಂಬ ಜೋಡಿ ರೆಕಾರ್ಡಿನಲ್ಲಿ ಕೂಡಿಸಿದ ಮೇಲೆ, ಆ ಶೆಡ್ಡಿನ ಗದ್ದಲಕ್ಕೂ ಒಂದು ಇತಿಹಾಸ ಇದೆ ಎಂದು ಲೋಕಕ್ಕೆ ಗೊತ್ತಾಯಿತು. ಗೊಬ್ಬೂರಿನ ಕಡೆ ಕಾರಿನ ಶೆಡ್ಡು ಕಡಿಮೆ, ಟ್ರ್ಯಾಕ್ಟರು ಬೇವಿನ ಮರದ ಕೆಳಗೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿಯವರು ಗುಡಿಗೆ ಹೋದರು. ಉಳಿದದ್ದೆಲ್ಲ ಒಂದೇ: ಕಲಿಸುವವರಿಲ್ಲ, ತಡೆಯುವವರಿಲ್ಲ, ಅಕ್ಕಪಕ್ಕದ ಮನೆಯವರಿಗೆ ನಿದ್ದೆಯಿಲ್ಲ.

ಭಜನಿಯ ಜಾಗಕ್ಕೆ ಟಿಕೆಟ್ಟಿಲ್ಲ, ಬಾಗಿಲಿಲ್ಲ, ಆದರೆ ಕೂಡುವ ಕ್ರಮ ಬಲು ಬಿಗಿ. ಹಣಮಪ್ಪನ ಗುಡಿಯ ಮುಂದೆ ತಾಡಪತ್ರಿ, ಅದರ ಮೇಲೆ ಜಮಖಾನ. ನಡುವೆ ಮೇಳ, ಮೇಳದ ಎದುರಿಗೆ ಊರ ಹಿರಿಯರು, ಅವರ ಹಿಂದೆ ಮೊಬೈಲ್ ನೋಡುತ್ತ ಕೂತ ಹುಡುಗರು. ಹೆಣ್ಣುಮಕ್ಕಳು ಎದುರುಮನೆಯ ಕಟ್ಟೆ ಹಿಡಿಯುತ್ತಾರೆ. ಅಲ್ಲಿಂದ ಹಾಡೂ ಕೇಳುತ್ತದೆ, ಯಾರ ಮನೆಗೆ ಯಾರು ಬಂದರೆಂಬುದೂ ಕಾಣುತ್ತದೆ. ಮಕ್ಕಳು ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲು ಹಿಡಿದು, ಮೊದಲನೆಯ ಪದ ಮುಗಿಯುವುದರೊಳಗೆ ಅಲ್ಲೇ ಅಡ್ಡಾಗುತ್ತಾರೆ. ಸ್ಪೀಕರಿನ ಬುಡದಲ್ಲಿ ಕೂಡುವುದು ಕಿವಿ ಮಂದವಾದ ಮುತ್ಯಾ. ಅಲ್ಲಿ ಮಾತ್ರ ಅವನಿಗೆ ಸರಿಯಾಗಿ ಕೇಳುತ್ತದೆ. “ತಮ್ಮಾ, ಆವಾಜ್ ಭಾಳ ಆಗ್ಯಾದ, ಸ್ವಲ್ಪ ಕಡಿಮಿ ಮಾಡೋ” ಎಂದು ರಾತ್ರಿಯೆಲ್ಲ ಕೂಗುವವನೂ ಅವನೇ.

ವಾದ್ಯಗಳಲ್ಲಿ ಮುಖ್ಯವಾದದ್ದು ಪೇಟಿ, ಪೇಟೆಯ ಮಾತಿನಲ್ಲಿ ಹಾರ್ಮೋನಿಯಂ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ಕಾಲಿನಿಂದ ತುಳಿದು ನುಡಿಸಬೇಕಿತ್ತು, ಕೂಡಲು ಕುರ್ಚಿ ಬೇಕಿತ್ತು. ಕೊಲ್ಕತ್ತಾದ ದ್ವಾರಕಾನಾಥ ಘೋಷ್ 1875ರಲ್ಲಿ ಅದನ್ನು ನೆಲಕ್ಕಿಳಿಸಿ, ಎಡಗೈಯಿಂದ ಗಾಳಿ ಒತ್ತುವ ಹಾಗೆ ಮಾಡಿದರು. ಚಕ್ಕಳಮಕ್ಕಳ ಹಾಕಿ ಕೂಡುವ ದೇಶಕ್ಕೆ ಅಷ್ಟು ಸಾಕಾಯಿತು. ಆದರೆ ಪಂಡಿತರಿಗೆ ಅದು ಒಗ್ಗಲಿಲ್ಲ. ಹನ್ನೆರಡು ಮನೆಗಳಿಗೆ ಕಟ್ಟಿಹಾಕಿದ ಸ್ವರ ಮೀಂಡಿಗೆ ಬಗ್ಗುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ ಎಂಬ ಕಾರಣ ಕೊಟ್ಟು ಆಕಾಶವಾಣಿ 1940ರಲ್ಲಿ ಅದನ್ನು ಸ್ಟುಡಿಯೋದಿಂದ ಹೊರಗೆ ಹಾಕಿತು. ಬಹಿಷ್ಕಾರ ಸಡಿಲಾದದ್ದು 1971ರಲ್ಲಿ. ಆ ಮೂವತ್ತೊಂದು ವರ್ಷ ಹಳ್ಳಿಯ ಪೇಟಿಗೆ ಈ ಸುದ್ದಿ ಮುಟ್ಟಿದ ಕುರುಹಿಲ್ಲ. ಅದನ್ನು ಹೇಳಬೇಕಾಗಿದ್ದ ರೇಡಿಯೋವೇ ಬಹಳ ಊರುಗಳಿಗೆ ಮುಟ್ಟಿರಲಿಲ್ಲ.

ಪಂಡಿತರು ಕಂಡ ದೋಷ ಭಜನಿಯವರಿಗೆ ಕಂಡಿಲ್ಲ, ಅವರ ಪೇಟಿಯ ದೋಷಗಳೇ ಬೇರೆ. ಹಿತ್ತಾಳೆಯ ರೀಡಿನ ಸಂದಿಯಲ್ಲಿ ತೊಗರಿ ರಾಶಿಯ ಧೂಳು ಕೂತು ಒಂದು ಸ್ವರ ತಾನಾಗಿಯೇ ಕೂಗಲು ಹತ್ತುತ್ತದೆ. ಮನೆ ಒತ್ತಿದರೂ ಕೂಗುತ್ತದೆ, ಬಿಟ್ಟರೂ ಕೂಗುತ್ತದೆ. ಪೇಟಿಯವನು ಹಾಡು ನಿಲ್ಲಿಸದೆ ಬಲಗೈಯಿಂದ ಮುಚ್ಚಳ ತೆಗೆದು, ಬೀಡಿ ಕಟ್ಟಿನ ಕಾಗದ ಹರಿದು ರೀಡಿನ ಕೆಳಗೆ ತೂರಿಸಿ ಒಮ್ಮೆ ಎಳೆಯುತ್ತಾನೆ. ಅಷ್ಟರಲ್ಲಿ ಸುಮ್ಮನಾದರೆ ಸರಿ. ಆಗದಿದ್ದರೆ ಆ ಸ್ವರವನ್ನೇ ಆಧಾರ ಷಡ್ಜ ಮಾಡಿಕೊಂಡು ಮೇಳವೆಲ್ಲ ಆ ಪಟ್ಟಿಗೆ ಬರುತ್ತದೆ. ಶ್ರುತಿಪೆಟ್ಟಿಗೆಗೆ ದುಡ್ಡು ಹಾಕದೆ ಆಗುವ ಲಾಭ ಇದು.

ಶ್ರುತಿಯ ಜಗಳ ಹಾಡುವವನ ಜೊತೆಗೂ ಉಂಟು. ಮೊದಲು ಹಾಡುವವನಿಗೆ ಯಾವಾಗಲೂ ಉಮೇದು ಹೆಚ್ಚು. ಪೇಟಿಯವನು ಕರಿ ಎರಡಕ್ಕೆ ಬೆರಳು ಇಟ್ಟರೆ ಇವನು ಕರಿ ನಾಲ್ಕಕ್ಕೆ ಬಾಯಿ ತೆಗೆಯುತ್ತಾನೆ. ಪಲ್ಲವಿ ಚೆನ್ನಾಗಿಯೇ ಹೋಗುತ್ತದೆ. ಎರಡನೆಯ ನುಡಿಯಲ್ಲಿ ಪದ ಮೇಲಕ್ಕೆ ಏರುತ್ತದೆ, ಕತ್ತಿನ ನರ ಕಾಣತೊಡಗುತ್ತವೆ, ಕಣ್ಣು ಮುಚ್ಚುತ್ತವೆ, ಬಾಯಿ ತೆರೆದೇ ಇರುತ್ತದೆ, ದನಿ ಮಾತ್ರ ಇರುವುದಿಲ್ಲ. ಆಗ ಹಿಮ್ಮೇಳ ಒಮ್ಮೆಗೇ ಎತ್ತಿಕೊಂಡು ಮಾನ ಕಾಯುತ್ತದೆ. ಹಿಮ್ಮೇಳದ ಶಾಸ್ತ್ರೀಯ ಉಪಯೋಗ ಏನೇ ಇರಲಿ, ವ್ಯವಹಾರದಲ್ಲಿ ಇರುವುದು ಇದೇ.

ತಬಲಾ ಬಾರಿಸುವವನಿಗೆ ಗೌರವ, ಏಕತಾರಿ ಹಿಡಿದವನಿಗೆ ಭಕ್ತಿ, ದಮ್ಮಡಿಯವನಿಗೆ ಹುರುಪು ಸಲ್ಲುತ್ತವೆ. ತಾಳ ಮಾತ್ರ ಹಾಡಲೂ ಬಾರದ, ಬಾರಿಸಲೂ ಬಾರದ, ಆದರೆ ಮನೆಗೆ ಕಳಿಸಲು ಬಾರದ ವ್ಯಕ್ತಿಯ ಪಾಲಿಗೆ ಬರುತ್ತದೆ. ಆತ ಒಂದೋ ಗುಡಿಗೆ ಗಚ್ಚು ಹಾಕಿಸಿದವನಾಗಿರುತ್ತಾನೆ, ಇಲ್ಲವೇ ಮೈಕಿನ ಬಾಡಿಗೆ ಕೊಟ್ಟವನು. ಮೇಳದ ಒಟ್ಟು ಲಯ ಇವನ ಕೈಯಲ್ಲಿರುತ್ತದೆ. ಭಜನಿ ಪದಗಳು ವಿಲಂಬದಲ್ಲಿ ಶುರುವಾಗಿ ಕಡೆಗೆ ದುಪ್ಪಟ್ಟು ವೇಗಕ್ಕೆ ಬರುವುದು ಸಂಪ್ರದಾಯ ಎನ್ನುತ್ತಾರೆ. ತಾಳದವನನ್ನು ಹತ್ತಿರದಿಂದ ನೋಡಿದವರಿಗೆ ಈ ಸಂಪ್ರದಾಯದ ಮೂಲದ ಬಗ್ಗೆ ಬೇರೆ ಅನುಮಾನ ಬರುತ್ತದೆ.

ಇನ್ನು ಮೈಕು. ಭಜನಿಗೆ ದೇವರು ಬೇಕು, ಪದ ಬೇಕು, ಆದರೆ ಮೈಕ್ ಸೆಟ್ ಇಳಿಯುವ ತನಕ ಯಾರೂ ಜಮಖಾನ ಹಾಸುವುದಿಲ್ಲ. ಮೈಕಿನಾತ ಸಂಜೆಯೇ ಬಂದು ಬೇವಿನ ಮರಕ್ಕೊಂದು, ಗುಡಿಯ ಮೇಲೊಂದು ಭೋಂಗಾ ಸ್ಪೀಕರು ಕಟ್ಟಿ, ಆಂಪ್ಲಿಫೈಯರಿನ ಮುಂದೆ ಕೂತು “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎನ್ನುತ್ತಾನೆ. ಅಂದಿನ ಕಾರ್ಯಕ್ರಮದಲ್ಲಿ ಸ್ಪಷ್ಟವಾಗಿ ಕೇಳುವ ಮಾತು ಬಹುಮಟ್ಟಿಗೆ ಇದೊಂದೇ. ಅದಾದ ಮೇಲೆ ಆತ ಎಕೋದ ಕಿವಿ ತಿರುವುತ್ತಾನೆ. ಎಕೋ ಇಲ್ಲದ ಹಾಡು ಬಡವರ ಮನೆಯ ಹಾಡು ಎಂಬುದು ಎಲ್ಲರ ನಂಬಿಕೆ. ಆದ್ದರಿಂದ ಹಾಡಿದ ಪ್ರತಿ ಮಾತೂ ಮೂರು ಸಲ ಕೇಳುತ್ತದೆ, ಮೂರನೆಯದು ಬರುವಾಗ ಮುಂದಿನ ಮಾತಿನ ಮೊದಲನೆಯದು ಬಂದಿರುತ್ತದೆ.

ನಡುನಡುವೆ ಕೂಂಯ್ ಎಂಬ ಒಂದು ಕೂಗು ಎದ್ದು ಮಲಗಿದ ಮಕ್ಕಳೂ ಏಳುತ್ತಾರೆ. ಮೈಕಿನೊಳಗೆ ಹೋದ ದನಿ ಸ್ಪೀಕರಿನಿಂದ ದೊಡ್ಡದಾಗಿ ಬಂದು ಮತ್ತೆ ಅದೇ ಮೈಕಿಗೆ ಹೊಕ್ಕು ಇನ್ನಷ್ಟು ದೊಡ್ಡದಾಗುತ್ತ ಸುತ್ತುವುದೇ ಇದಕ್ಕೆ ಕಾರಣ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಇದಕ್ಕೆ ಲಾರ್ಸೆನ್ ಪರಿಣಾಮ ಎನ್ನುತ್ತಾರೆ. 1964ರಲ್ಲಿ ಬೀಟಲ್ಸ್ ತಂಡದವರು ‘ಐ ಫೀಲ್ ಫೈನ್’ ಹಾಡನ್ನು ಬೇಕೆಂದೇ ಇಂಥದೊಂದು ಕೂಗಿನಿಂದ ಶುರುಮಾಡಿದರು, ಲೋಕ ಅದನ್ನು ಹೊಸತನ ಎಂದು ಮೆಚ್ಚಿತು. ಗುಡಿಯ ಮುಂದೆ ಅದೇ ಕೂಗು ಎದ್ದಾಗ ಜನ ಮೈಕಿನಾತನ ಮನೆತನ ಎತ್ತಿ ಮಾತಾಡುತ್ತಾರೆ.

ಮಾತು ತಿಳಿಯದಿರುವುದು ಈ ಜಾತಿಯ ಸಂಗೀತಕ್ಕೆ ಕುಂದಲ್ಲ ಎಂಬುದಕ್ಕೆ ಅಮೆರಿಕದ ಸರ್ಕಾರಿ ದಾಖಲೆಯೇ ಇದೆ. 1963ರ ಏಪ್ರಿಲ್ 6ರಂದು ಪೋರ್ಟ್‌ಲ್ಯಾಂಡ್ ಊರಿನಲ್ಲಿ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ ಸುಮಾರು 50 ಡಾಲರ್ ಖರ್ಚಿನಲ್ಲಿ ‘ಲೂಯಿ ಲೂಯಿ’ ಎಂಬ ಹಾಡು ರೆಕಾರ್ಡು ಮಾಡಿತು. ಮೈಕನ್ನು ಮೇಲೆ ಎತ್ತರದಲ್ಲಿ ತೂಗುಹಾಕಿದ್ದರು. ಹಾಡುವ ಹುಡುಗ ಜ್ಯಾಕ್ ಈಲಿ ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ. ಕತ್ತು ಮೇಲೆತ್ತಿ ಅವನು ಕೂಗಿದ್ದರಲ್ಲಿ ಒಂದು ಮಾತೂ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದರಿಂದ ಅದು ಕೆಟ್ಟ ಮಾತೇ ಇರಬೇಕೆಂದು ತಂದೆತಾಯಿಗಳು ದೂರು ಕೊಟ್ಟರು. ಅಲ್ಲಿಯ ತನಿಖಾ ಸಂಸ್ಥೆ ಎಫ್‌ಬಿಐ ರೆಕಾರ್ಡನ್ನು ನಿಧಾನವಾಗಿ, ಜೋರಾಗಿ, ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿತು. ಎರಡು ವರ್ಷದ ಮೇಲೆ ಹಿಡಿದ ಈ ತನಿಖೆಯ ಕೊನೆಗೆ, ಹಾಡಿನ ಮಾತು ಅರ್ಥವಾಗುವ ಹಾಗಿಲ್ಲ ಎಂದು ಬರೆದು ಕಡತ ಮುಚ್ಚಿತು. ನಡುವಿನ ಗಿಟಾರಿನ ಬಳಿಕ, ಸರದಿ ಬರುವ ಮುಂಚೆಯೇ ಈಲಿ ಹಾಡು ಎತ್ತಿ, ತಪ್ಪು ತಿಳಿದು ಬಾಯಿ ಮುಚ್ಚುತ್ತಾನೆ. ಡ್ರಮ್ಮಿನವನು ಎರಡು ಪೆಟ್ಟು ಹೆಚ್ಚಿಗೆ ಹಾಕಿ ಮುಚ್ಚಿಹಾಕುತ್ತಾನೆ. ಆ ತಪ್ಪನ್ನೂ ಹಾಗೇ ಬಿಟ್ಟು ಮಾರಿದರು. ಗೊಬ್ಬೂರಿನ ಕಡೆಯ ಯಾವ ಮೇಳಕ್ಕೆ ಇದನ್ನು ಕೇಳಿಸಿದರೂ, ಇದು ನಮ್ಮ ಪೈಕಿ ಎಂದು ಗುರುತು ಹಿಡಿಯದೆ ಇರುವುದಿಲ್ಲ.

ಮಾತು ಕೇಳದಿದ್ದರೂ ಇಲ್ಲಿಯವರಿಗೆ ನಡೆಯುತ್ತದೆ, ಏಕೆಂದರೆ ಎಲ್ಲರಿಗೂ ಪದ ಬಾಯಿಗೆ ಬರುತ್ತದೆ. ಈ ಸೀಮೆ ತತ್ವಪದಗಳ ಕಣಜ. ಹತ್ತೊಂಬತ್ತನೆಯ ಶತಮಾನದ ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಇದೇ ಅಫಜಲಪುರ ತಾಲೂಕಿನ ಬಿದನೂರಿನಲ್ಲಿ. ನೆಲೆ ನಿಂತ ಕಡಕೋಳ ಆಗ ಜೇವರ್ಗಿ ತಾಲೂಕಿಗೆ ಸೇರಿತ್ತು, ಈಗ ಯಡ್ರಾಮಿಗೆ. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲ ಸಾಹೇಬರೂ ಇದ್ದರು, ಖೈನೂರಿನ ಕೃಷ್ಣಪ್ಪನೂ ಇದ್ದ. ಜಾತಿ ಧರ್ಮ ಕೇಳದೆ ಒಂದೇ ಏಕತಾರಿಗೆ ಹಾಡಿದ ಆ ಗುಂಪಿನ ಪದಗಳೇ ಇಂದಿಗೂ ಭಜನಿಯ ಬಂಡವಾಳ, ಜೊತೆಗೆ ಶಿಶುನಾಳದ ಶರೀಫರವು. ಪದಗಳು ಇರುವುದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಅದರ ಮೊದಲ ಪುಟದಲ್ಲಿ ಓಂ, ಎರಡನೆಯದರಲ್ಲಿ ಗಣಪತಿ ಸ್ತುತಿ, ಕೊನೆಯ ಪುಟದಲ್ಲಿ ಯಾರು ಎಷ್ಟು ಸಿಮೆಂಟ್ ಚೀಲ ಒಯ್ದರೆಂಬ ಲೆಕ್ಕ. ಅಂಕಿತ ಬಂದರೆ ಪದ ಮುಗಿಯಿತೆಂದು ತಿಳಿಯಬೇಕು. ಮಡಿವಾಳಪ್ಪನವರ ‘ಗುರುಮಹಾಂತ’ ಕಿವಿಗೆ ಬಿದ್ದೊಡನೆ ಚಹಾ ಸೋಸುವವನು ಏಳುತ್ತಾನೆ.

ತತ್ವಪದದಲ್ಲಿ ಹೇಳುವುದು ಒಂದು, ಒಳಗೆ ಇರುವುದು ಇನ್ನೊಂದು. ಹೀಗಾಗಿ ಪ್ರತಿ ಮೇಳಕ್ಕೂ ಅರ್ಥ ಹೇಳುವವರೊಬ್ಬರು ಇರುತ್ತಾರೆ. ಸಾಮಾನ್ಯವಾಗಿ ಅದು ಮೇಲೆ ಹೇಳಿದ ಮಾಸ್ತರರು. ಪದ ಮುಗಿಯುತ್ತಲೂ ಮೈಕು ಕೈಗೆ ತೆಗೆದುಕೊಂಡು, “ಇಲ್ಲಿ ಒಂಬತ್ತು ತೂತಿನ ಕೊಡ ಅಂದ್ರ ಏನ್ರಿ? ನೀವ್ ಹೇಳ್ರಿ” ಎಂದು ತರಗತಿ ಶುರುಮಾಡುತ್ತಾರೆ. ಉತ್ತರ ಎಲ್ಲರಿಗೂ ಗೊತ್ತು, ಕಳೆದ ಅಮಾಸಿಗೂ ಇದೇ ಕೇಳಿದ್ದರು. ದೇಹ, ಇಂದ್ರಿಯ, ಆರು ಚಕ್ರ ದಾಟಿ ಮಾಸ್ತರರು ಏಳನೆಯದಕ್ಕೆ ಹೋಗುವಷ್ಟರಲ್ಲಿ ಪೇಟಿಯವನು ಮೆಲ್ಲಗೆ ಸ್ವರ ಹಿಡಿಯುತ್ತಾನೆ, ತಬಲಾದವನು ಒಂದು ಪೆಟ್ಟು ಹಾಕುತ್ತಾನೆ, ತಾಳದವನು ಏನೂ ಮುಚ್ಚುಮರೆಯಿಲ್ಲದೆ ಬಾರಿಸಿಯೇ ಬಿಡುತ್ತಾನೆ. ಮೋಕ್ಷದ ಹೊಸ್ತಿಲಲ್ಲಿ ಮಾಸ್ತರರನ್ನು ಹೀಗೆ ನಿಲ್ಲಿಸುವುದು ಪ್ರತಿ ಸಲದ ಕಾರ್ಯಕ್ರಮ.

ಇತ್ತೀಚೆಗೆ ತತ್ವಪದಗಳನ್ನು ಸಿನಿಮಾ ಹಾಡಿನ ಧಾಟಿಗೆ ಕೂಡಿಸುವುದು ಹೆಚ್ಚಾಗಿದೆ. ಹಿರಿಯರಿಗೆ ಇದು ಸೇರದು. ಆದರೆ ಯಾವ ಸಿನಿಮಾ ಎಂದು ಮೊದಲು ಗುರುತು ಹಿಡಿಯುವವರೂ ಹಿರಿಯರೇ, ಅದು ರಾಜಕುಮಾರರ ಕಾಲದ್ದಾಗಿದ್ದರೆ ತಲೆ ತೂಗುವವರೂ ಅವರೇ.

ಜಾತ್ರೆಯಲ್ಲಿ ಎರಡು ಮೇಳ ಎದುರುಬದುರು ಕೂತರೆ ವಿಷಯವೇ ಬೇರೆ. ಭೀಮಾತೀರದ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಒಂದು ಪಕ್ಷ ಗಂಡು ಹೆಚ್ಚು ಎಂದು, ಇನ್ನೊಂದು ಹೆಣ್ಣು ಹೆಚ್ಚು ಎಂದು ವಾದಿಸುತ್ತ ರಾತ್ರಿಯೆಲ್ಲ ಹಾಡುತ್ತವೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ಆರಂಭವಾದದ್ದು, ಬೆಳಗಿನ ಜಾವಕ್ಕೆ ಎದುರಿನ ಮೇಳದವನ ಮೂಗಿನ ಆಕಾರದವರೆಗೆ ಬರುತ್ತದೆ. ಸವಾಲು ಬಿದ್ದೊಡನೆ ಜವಾಬು ಕಟ್ಟಿ ಹಾಡಬೇಕು, ತಡವರಿಸಿದರೆ ಜನ ಸಿಳ್ಳೆ ಹಾಕುತ್ತಾರೆ. ಗ್ಯಾರೇಜ್ ತಂಡಗಳಿಗೂ ಅಮೆರಿಕದಲ್ಲಿ ಇಂಥ ಪಂದ್ಯ ಏರ್ಪಡುತ್ತಿದ್ದವು, ಅಲ್ಲಿ ಗೆದ್ದವರಿಗೆ ಬಹುಮಾನ ಕೊಟ್ಟು ಕಳಿಸುತ್ತಿದ್ದರು. ಇಲ್ಲಿ ತೀರ್ಪು ಕೊಡುವ ಪದ್ಧತಿ ಇಲ್ಲ. ಇದನ್ನು ಒಮ್ಮೆ ತೀರ್ಮಾನಿಸಿಬಿಟ್ಟರೆ ಮುಂದಿನ ವರ್ಷ ಹಾಡುವುದೇನು? ಮಂಗಳ ಹಾಡಿ ಎರಡೂ ಸಮ ಎಂದು ಒಪ್ಪಿ, ಹೆಣ್ಣು ಹೆಚ್ಚು ಎಂದು ರಾತ್ರಿಯಿಡೀ ವಾದಿಸಿದ ಗಂಡಸರು ಮನೆಗೆ ಹೋಗಿ ಚಹಾ ಕೇಳುತ್ತಾರೆ.

ಹಾಡಿಗೆ ಮೆಚ್ಚುಗೆ ಸಲ್ಲುವುದು ಚಪ್ಪಾಳೆಯಿಂದಲ್ಲ, ನೋಟಿನಿಂದ. ಸಭಿಕರಲ್ಲಿ ಒಬ್ಬ ಎದ್ದು ಬಂದು, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಪೇಟಿಯ ಮೇಲೆ ಇಪ್ಪತ್ತು ರೂಪಾಯಿ ಇಡುತ್ತಾನೆ. ಹಾಡು ಅಲ್ಲಿಗೆ ತಡೆದು ನಿಲ್ಲುತ್ತದೆ. ಕೊಟ್ಟವನ ಹೆಸರು, ಅವನ ಅಪ್ಪನ ಹೆಸರು, ಅವನ ಅಂಗಡಿಯ ಹೆಸರು, ಅದು ಬಸ್ ಸ್ಟ್ಯಾಂಡಿಗೆ ಯಾವ ಕಡೆ ಬರುತ್ತದೆ ಎಂಬುದೆಲ್ಲ ಮೈಕಿನಲ್ಲಿ ಆಗಬೇಕು. ಇದನ್ನು ಕೇಳಿ ಅವನ ಭಾವನೆಂಟ ಐವತ್ತು ತರುತ್ತಾನೆ. ಸಂಸಾರದ ನಶ್ವರತೆಯ ಮೇಲಿನ ಒಂದು ಪದ ಹೀಗೆ ನಾಲ್ಕು ಕಡೆ ತುಂಡಾಗಿ, ಗೊಬ್ಬರದ ಅಂಗಡಿ, ಮೊಬೈಲ್ ರಿಪೇರಿ ಮತ್ತು ಎರಡು ಹೋಟೆಲುಗಳ ಜಾಹೀರಾತಿನೊಂದಿಗೆ ಮುಗಿಯುತ್ತದೆ.

ಕಾಯಿದೆಯ ಪ್ರಕಾರ ಇದೆಲ್ಲ ರಾತ್ರಿ 10 ಗಂಟೆಗೆ ನಿಲ್ಲಬೇಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಎನ್ನುತ್ತವೆ. ಹಬ್ಬಹರಿದಿನಕ್ಕೆಂದು ವರ್ಷದಲ್ಲಿ 15 ದಿನ ಮೀರದಂತೆ 12 ಗಂಟೆಯ ತನಕ ರಾಜ್ಯ ಸರ್ಕಾರ ಸಡಿಲ ಬಿಡಬಹುದು. ಜನವಸತಿ ಇರುವಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮೇಳದ ತಾಳದವನು ಒಬ್ಬನೇ, ಮೈಕಿಲ್ಲದೆ, ಮೊದಲ ಪೆಟ್ಟಿಗೇ ಇದನ್ನು ದಾಟುತ್ತಾನೆ. ಬೆಂಗಳೂರಿನಲ್ಲಾದರೆ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ರಾಕ್ ತಂಡಗಳು ಗೋಡೆ, ಬಾಗಿಲು ಇರುವ ಪಬ್ಬಿನೊಳಗೆ ನುಡಿಸುತ್ತವೆ, ಕೇಳುಗರು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ. ಇಲ್ಲಿ ಕೇಳುಗರು ಬರುವಾಗಲೇ ಕೌದಿ ತಂದಿರುತ್ತಾರೆ. ಇವರನ್ನು ಎಬ್ಬಿಸಿ ಕಳಿಸುವ ನಿಯಮ ಇನ್ನೂ ಯಾರೂ ಬರೆದಿಲ್ಲ.

ನಿಯಮಕ್ಕೆ ಆಗದ್ದು ಕರೆಂಟಿನ ಕಂಪನಿ ಜೆಸ್ಕಾಂಗೆ ಆಗುತ್ತದೆ. ನಡುರಾತ್ರಿಯ ಸುಮಾರಿಗೆ ಕರೆಂಟು ಹೋಗುತ್ತದೆ. ಭೋಂಗಾ ಸುಮ್ಮನಾಗುತ್ತವೆ, ಎಕೋ ಹೋಗುತ್ತದೆ, ಹೆಸರು ಕೂಗಿಸುವವರೂ ಕೂಡುತ್ತಾರೆ. ಜನರೇಟರಿನ ಹಗ್ಗ ಎಳೆಯಲು ಮೈಕಿನಾತ ಓಡುತ್ತಾನೆ, ಅದು ಶುರುವಾಗುವುದಿಲ್ಲ. ಈ ನಡುವೆ ಸಿಗುವ ಅರ್ಧ ತಾಸಿನಲ್ಲಿ, ಯಾರದೋ ಮೊಬೈಲ್ ಬೆಳಕಿನಲ್ಲಿ, ಹಾಡುವವನು ತನ್ನ ದನಿಗೆ ಒಪ್ಪುವ ಪಟ್ಟಿಗೆ ಇಳಿದು, ಪೇಟಿಯವನು ಮೆಲ್ಲಗೆ ಹಿಂದೆ ನಡೆದು, ಪದದ ಒಂದೊಂದು ಮಾತೂ ಎದುರುಮನೆಯ ಕಟ್ಟೆಯವರೆಗೆ ಬಿಡಿಬಿಡಿಯಾಗಿ ಮುಟ್ಟುತ್ತದೆ. ಇಡೀ ರಾತ್ರಿಯಲ್ಲಿ ಕೇಳಲು ಯೋಗ್ಯವಾದ ಸಂಗೀತ ಇದೇ ಎಂದು ಧೈರ್ಯವಾಗಿ ಹೇಳಬಹುದು. ಊರಿನವರು ಇದನ್ನು ಭಜನಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರೆಂಟು ಬಂದೊಡನೆ “ಹಾಂ, ಈಗ ಸುರು ಮಾಡ್ರಿ” ಎಂದು ಮೊದಲಿನಿಂದ ಎತ್ತಿಸುತ್ತಾರೆ.

ನಸುಕಿನಲ್ಲಿ ಮಂಗಳ, ಆರತಿ, ಆಮೇಲೆ ಸುಸಲಾ ಮತ್ತು ಚಹಾ. ತಾಳದವನು ಅಲ್ಲೇ ಒರಗಿರುತ್ತಾನೆ, ಅವನ ಕೈಯಿಂದ ತಾಳ ಬಿಡಿಸಿಕೊಳ್ಳುವ ಕೆಲಸ ತಬಲಾದವನದು. ಮೈಕಿನಾತ ವಾಯರು ಸುತ್ತುತ್ತ ಬಾಡಿಗೆ ಕೇಳುತ್ತಾನೆ. ಪೇಟಿಯ ಮೇಲೆ ಬಿದ್ದ ನೋಟು ಎಣಿಸಿದರೆ ಬಾಡಿಗೆಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಕರೆಂಟು ಇಲ್ಲದ ಅರ್ಧ ತಾಸಿನ ದುಡ್ಡು ಮುರಿಯಬೇಕು ಎಂದು ಊರಿನವರು, “ಜನರೇಟರ್ ಹೊತ್ಕೊಂಡು ಬಂದೀನ್ರಿ, ಅದರ ಲೆಕ್ಕ ಯಾರ್ ಕೊಡ್ತಾರ?” ಎಂದು ಅವನು. ಶುರುವಾಗದ ಜನರೇಟರಿಗೆ ಬಾಡಿಗೆ ಉಂಟೇ ಇಲ್ಲವೇ ಎಂಬುದರ ಮೇಲೆ ಮಾಸ್ತರರು ಅರ್ಥ ಹೇಳಲು ಬಾಯಿ ತೆಗೆಯುತ್ತಾರೆ. ಅಷ್ಟಕ್ಕೇ ಎರಡೂ ಪಕ್ಷ ಗಡಿಬಿಡಿಯಿಂದ ಒಪ್ಪಂದಕ್ಕೆ ಬಂದು, ಉಳಿದದ್ದನ್ನು ಮುಂದಿನ ಅಮಾಸಿಯ ಬಾಕಿಗೆ ಬರೆದು, ನೋಟ್‌ಬುಕ್ಕಿನ ಸಿಮೆಂಟ್ ಚೀಲಗಳ ಕೆಳಗೆ ಸಹಿ ಹಾಕುತ್ತವೆ.